ಬ್ಲ್ಯಾಕ್ ಕ್ಯಾಟ್: ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಗೇ ಬಾರ್ ಕೊನೆಗೆ ಬಾಗಿಲು ಹಾಕಿದ್ದು ಯಾಕೆ?

ಸಂಜೆಗಾಳಿ

ಕಳೆದ ವಾರ ಇದೇ ಗುಂಪಿನಲ್ಲಿ ಒಬ್ಬರು "ಅಮೆರಿಕದಲ್ಲಿ ಗೇ ಜನರ ಹೋರಾಟ ಶುರುವಾಗಿದ್ದೇ 1969ರಲ್ಲಿ, ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನಲ್ಲಿ" ಅಂತ ಬರೆದಿದ್ದರು. ಓದಿ ಸುಮ್ನೆ ಇರೋಕೆ ಆಗಲಿಲ್ಲ. ಅದಕ್ಕಿಂತ 18 ವರ್ಷ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಾರ್ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಕೇಸು ಗೆದ್ದಿತ್ತು. ಬಾರಿನ ಹೆಸರು ಬ್ಲ್ಯಾಕ್ ಕ್ಯಾಟ್.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಟ್ರಾನ್ಸ್‌ಅಮೆರಿಕ ಪಿರಮಿಡ್ ಅನ್ನುವ ಎತ್ತರದ ಕಟ್ಟಡ ಗೊತ್ತಿರುತ್ತದೆ. ಅಲ್ಲಿಂದ ವಾಷಿಂಗ್ಟನ್ ಸ್ಟ್ರೀಟ್ ದಾಟಿದರೆ ಆಯಿತು, ಮಾಂಟ್‌ಗೊಮರಿ ಸ್ಟ್ರೀಟಿನ 710ನೇ ನಂಬರು. ಪಿರಮಿಡ್ ಈಗ ನಿಂತಿರುವ ಜಾಗದಲ್ಲಿ ಹಿಂದೆ ಮಾಂಟ್‌ಗೊಮರಿ ಬ್ಲಾಕ್ ಅಂತ ದೊಡ್ಡ ಹಳೇ ಕಟ್ಟಡ ಇತ್ತು. 1959ರಲ್ಲಿ ಕೆಡವಿದರು. ಬಾಡಿಗೆ ಕಮ್ಮಿ ಅಂತ ಅಲ್ಲಿ ಬರಹಗಾರರು, ಚಿತ್ರಕಾರರು ತುಂಬಿಕೊಂಡಿದ್ದರು. ಸಂಜೆಯಾದರೆ ಅವರೆಲ್ಲ ರಸ್ತೆ ದಾಟಿ ಬ್ಲ್ಯಾಕ್ ಕ್ಯಾಟಿಗೆ ಬರುತ್ತಿದ್ದರು. ಹಾಗಾಗಿ ಇದು ಮೊದಲಿನಿಂದ ಗೇ ಬಾರ್ ಆಗಿರಲಿಲ್ಲ. ಕವಿಗಳು, ಹಡಗುಕಟ್ಟೆಯ ಕೂಲಿಗಳು, ಆಫೀಸಿನವರು, ಗಂಡಸರು, ಹೆಂಗಸರು ಎಲ್ಲಾ ಬರುವ ಬಾರು. 1906ರ ಭೂಕಂಪದ ಕಾಲದಲ್ಲಿ ಬೇರೆ ಜಾಗದಲ್ಲಿ ಶುರುವಾಗಿ, 1921ರಲ್ಲಿ ಡ್ಯಾನ್ಸ್ ಪರ್ಮಿಟ್ ಕಳೆದುಕೊಂಡು ಮುಚ್ಚಿತ್ತು. ಪಾನನಿಷೇಧ ಮುಗಿದ 1933ರಲ್ಲಿ ಮಾಂಟ್‌ಗೊಮರಿಯಲ್ಲಿ ಮತ್ತೆ ತೆರೆಯಿತು. ಅಂದರೆ ಪರ್ಮಿಟ್ಟಿನ ಪೀಕಲಾಟ ಇದಕ್ಕೆ ಹೊಸದೇನಲ್ಲ.

ಎರಡನೇ ಮಹಾಯುದ್ಧ ಬಂತು. ಪೆಸಿಫಿಕ್ ಕಡೆ ಹೋಗುವ ಸೈನಿಕರಲ್ಲಿ ಬಹಳಷ್ಟು ಜನ ಈ ಬಂದರಿನಿಂದಲೇ ಹಡಗು ಹತ್ತುತ್ತಿದ್ದರು. ಸಲಿಂಗಿ ಅಂತ ಗೊತ್ತಾದವರನ್ನು ಸೈನ್ಯ ಹೊರಗೆ ಹಾಕುತ್ತಿತ್ತು. ಆ ಕಾಗದ ಹಿಡಿದು ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗೋದು? ಎಷ್ಟೋ ಜನ ಇಲ್ಲೇ ಉಳಿದುಬಿಟ್ಟರು. 1940ರ ದಶಕದಲ್ಲಿ ಬಾರನ್ನು ಸಾಲ್ ಸ್ಟೌಮನ್ ಅನ್ನುವವರು ಕೊಂಡುಕೊಂಡರು. ಅವರು ಗೇ ಅಲ್ಲ. ಆದರೆ ಯುದ್ಧ ಮುಗಿದ ಮೇಲೆ ಗೇ ಗಿರಾಕಿಗಳು ಜಾಸ್ತಿಯಾದಾಗ ಅವರನ್ನು ಬಾಗಿಲಲ್ಲಿ ತಡೆಯಲಿಲ್ಲ. ಅಲ್ಲಿಂದಲೇ ಪೊಲೀಸರ ಕಾಟ ಶುರು.

1949ರಲ್ಲಿ ಲೈಸೆನ್ಸ್ ಅಮಾನತಾಯಿತು. ಇಷ್ಟು ದಿನ ಅಂತಲೂ ಇಲ್ಲ, ಅನಿರ್ದಿಷ್ಟ ಅವಧಿಗೆ. ಕಾರಣ: ಇದು ಸಲಿಂಗಿಗಳು ಕೂಡುವ ಅಡ್ಡಾ. ಅಷ್ಟೇ. ಹೊಡೆದಾಟ ಅಲ್ಲ, ಕಳ್ಳಮಾಲು ಅಲ್ಲ, ವಯಸ್ಸಾಗದವರಿಗೆ ಕುಡಿಸಿದ್ದೂ ಅಲ್ಲ. ಯಾರು ಬಂದು ಕೂರುತ್ತಾರೆ ಅನ್ನೋದೇ ಅಪರಾಧ.

ಸ್ಟೌಮನ್ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಸೋತರು. 1951ರ ಆಗಸ್ಟಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆದರೂ 1963ರಲ್ಲಿ ಲೈಸೆನ್ಸ್ ಹೋಯಿತು, 1964ರ ಫೆಬ್ರವರಿಯಲ್ಲಿ ಬಾರೂ ಮುಚ್ಚಿತು. ನನ್ನ ಪ್ರಶ್ನೆ ಇಷ್ಟೇ. ಅಷ್ಟು ದೊಡ್ಡ ಕೋರ್ಟಿನಲ್ಲಿ ಗೆದ್ದ ಮೇಲೂ ಹೀಗ್ಯಾಕಾಯಿತು? ಕಾನೂನು ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಮಲ್ನಾಡ್_ಹೈದ

ಒಂದು ನಿಮಿಷ ಮಾರಾಯ್ರೆ. ಬ್ಲ್ಯಾಕ್ ಕ್ಯಾಟ್ ಇರೋದು ಲಾಸ್ ಏಂಜಲೀಸಿನಲ್ಲಿ ಅಲ್ವಾ? ಹೊಸ ವರ್ಷದ ರಾತ್ರಿ ಪೊಲೀಸರು ನುಗ್ಗಿ ಹೊಡೆದದ್ದು, ಆಮೇಲೆ ಜನ ಫಲಕ ಹಿಡಿದು ನಿಂತದ್ದು?

ಸಂಜೆಗಾಳಿ

ಅದು ಬೇರೆ ಬಾರು. ಹೆಸರು ಒಂದೇ. ಲಾಸ್ ಏಂಜಲೀಸಿನ ಸಿಲ್ವರ್ ಲೇಕ್‌ನಲ್ಲಿ, ಸನ್‌ಸೆಟ್ ಬುಲವಾರ್ಡಿನಲ್ಲಿತ್ತು. 1967ರ ಹೊಸ ವರ್ಷ ಹುಟ್ಟಿ ಕೆಲವೇ ನಿಮಿಷಕ್ಕೆ ದಾಳಿ ನಡೆಯಿತು. ಗಂಡಸರು ಒಬ್ಬರಿಗೊಬ್ಬರು ಮುತ್ತು ಕೊಟ್ಟರು ಅನ್ನೋದು ಕೇಸು. ಪ್ರತಿಭಟನೆ ನಡೆದಿದ್ದು ಫೆಬ್ರವರಿ 11ಕ್ಕೆ. ಅದೂ ಸ್ಟೋನ್‌ವಾಲ್‌ಗಿಂತ ಮೊದಲೇ. ನಾನು ಹೇಳ್ತಿರೋದು ಸ್ಯಾನ್ ಫ್ರಾನ್ಸಿಸ್ಕೋದ್ದು. ಲಾಸ್ ಏಂಜಲೀಸಿನದು ಬರುವ ಹೊತ್ತಿಗೆ ಇದು ಮುಚ್ಚಿ ಮೂರು ವರ್ಷವಾಗಿತ್ತು.

ಕೋರ್ಟುಕಟ್ಟೆ

ಬೆಂಗಳೂರಿನಲ್ಲಿ ವಕೀಲ. ಈ ಕೇಸನ್ನು ಓದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಅಲ್ಲಿ ಬಾರಿನ ಮೇಲೆ ಎರಡು ಕಡೆಯಿಂದ ಕೈ ಬರುತ್ತಿತ್ತು. ಒಂದು ಪೊಲೀಸರದ್ದು. ಅವರು ಗಿರಾಕಿಗಳನ್ನು ಹಿಡಿಯುತ್ತಿದ್ದರು. ಇನ್ನೊಂದು ಮದ್ಯದ ಲೈಸೆನ್ಸ್ ಕೊಡುವವರದ್ದು. 1954ರ ಕೊನೆಯವರೆಗೆ ಆ ಕೆಲಸ ರಾಜ್ಯದ ತೆರಿಗೆ ಮಂಡಳಿಯ ಕೈಯಲ್ಲಿತ್ತು. 1955ರ ಜನವರಿಯಿಂದ ಅದಕ್ಕೇ ಅಂತ ಹೊಸ ಇಲಾಖೆ ಬಂತು, ನಮ್ಮ ಅಬಕಾರಿ ಇಲಾಖೆ ಇದ್ದ ಹಾಗೆ. ಗಿರಾಕಿಯನ್ನು ಜೈಲಿಗೆ ಹಾಕಬೇಕಾದರೆ ಕ್ರಿಮಿನಲ್ ಕೋರ್ಟಿನಲ್ಲಿ ಸಂದೇಹಕ್ಕೆ ಎಡೆ ಇಲ್ಲದ ಹಾಗೆ ಸಾಬೀತು ಮಾಡಬೇಕು. ಲೈಸೆನ್ಸ್ ಕೀಳೋಕೆ ಅಷ್ಟೆಲ್ಲ ಬೇಕಿಲ್ಲ. ಇಲಾಖೆಯೇ ಆರೋಪ ಮಾಡುತ್ತದೆ, ಇಲಾಖೆಯೇ ವಿಚಾರಣೆ ನಡೆಸುತ್ತದೆ. ಅದಕ್ಕೇ ಸರ್ಕಾರಕ್ಕೆ ಈ ದಾರಿ ಇಷ್ಟ.

1949ರಲ್ಲಿ ಮಂಡಳಿ ಬಳಸಿದ್ದು "ಸಾರ್ವಜನಿಕ ನೈತಿಕತೆಗೆ ಹಾನಿ ಮಾಡುವ ಉದ್ದೇಶದಿಂದ ಜನ ಕೂಡುವ ಜಾಗ" ಅನ್ನುವ ಅರ್ಥದ ಕಲಮನ್ನು. ಸ್ಟೌಮನ್ ಪರವಾಗಿ ವಾದಿಸಿದ್ದು ಮಾರಿಸ್ ಲೋವೆಂತಾಲ್. ಕೇಸಿನ ಹೆಸರು ಸ್ಟೌಮನ್ ವಿರುದ್ಧ ರೈಲಿ. ರೈಲಿ ಅಂದರೆ ಮಂಡಳಿಯ ಸದಸ್ಯ. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಫಿಲ್ ಗಿಬ್ಸನ್.

ಗಿಬ್ಸನ್ ತಕ್ಕಡಿ ಹಿಡಿದಿದ್ದು ನೀತಿಯನ್ನು ತೂಗೋಕೆ ಅಲ್ಲ. ಅವರು ಹಿಡಿದಿದ್ದು ಸಾರ್ವಜನಿಕ ಜಾಗಗಳಿಗೆ ಎಲ್ಲರಿಗೂ ಪ್ರವೇಶ ಅನ್ನುವ ರಾಜ್ಯದ ಹಳೇ ಕಾನೂನನ್ನು. ಹೋಟೆಲು, ಬಾರು ಅಂದಮೇಲೆ ವಯಸ್ಸಿಗೆ ಬಂದ ಯಾರು ಬೇಕಾದರೂ ಬರಬಹುದು. ಸರಿಯಾಗಿ ನಡೆದುಕೊಳ್ಳುವವರೆಗೆ ಅವರನ್ನು ಹೊರಗೆ ಹಾಕುವ ಹಕ್ಕು ಮಾಲೀಕನಿಗೂ ಇಲ್ಲ. ಹೀಗಿರುವಾಗ ಹೊರಗೆ ಹಾಕಲಿಲ್ಲ ಅಂತ ಲೈಸೆನ್ಸ್ ಕಿತ್ತುಕೊಳ್ಳೋದು ಹೇಗೆ? ಸಲಿಂಗಿಗಳು ಬರುತ್ತಾರೆ, ಅಲ್ಲಿ ಭೇಟಿಯಾಗುತ್ತಾರೆ ಅಂತ ತೋರಿಸಿದರೆ ಸಾಲದು, ಅದಕ್ಕಿಂತ ಹೆಚ್ಚಿನದನ್ನು ತೋರಿಸಬೇಕು ಅಂದರು. ಆ ಕಾಲಕ್ಕೆ ಇದು ದೊಡ್ಡ ಮಾತು. ವಾಷಿಂಗ್ಟನ್ನಿನಲ್ಲಿ ಸಲಿಂಗಿ ನೌಕರರನ್ನು ಹುಡುಕಿ ಹುಡುಕಿ ಮನೆಗೆ ಕಳಿಸುತ್ತಿದ್ದ ದಿನಗಳು ಅವು. 1953ರಲ್ಲಿ ಐಸೆನ್‌ಹೋವರ್ ಅದಕ್ಕೆ ಅಧ್ಯಕ್ಷರ ಆದೇಶದ ಮುದ್ರೆಯನ್ನೇ ಒತ್ತಿದರು.

ಆದರೆ ಆ "ಹೆಚ್ಚಿನದು" ಅಂದರೆ ಏನು? ಬಾರಿನೊಳಗೆ ಕಾನೂನುಬಾಹಿರ ಅಥವಾ ಅನೈತಿಕ ಕೃತ್ಯ ನಡೆದಿದ್ದಕ್ಕೆ ಪುರಾವೆ. ಅಲ್ಲೇ ಇರೋದು ಕಿಂಡಿ. ಕಾನೂನುಬಾಹಿರ ಅನ್ನೋದಕ್ಕೆ ಪುಸ್ತಕದಲ್ಲಿ ಅಳತೆ ಇದೆ. ಅನೈತಿಕ ಅನ್ನೋದಕ್ಕೆ? ಇಬ್ಬರು ಗಂಡಸರು ಕೈ ಹಿಡಿದರೆ ಅನೈತಿಕವಾ? ಇಬ್ಬರು ಹೆಂಗಸರು ಜೊತೆಯಾಗಿ ಕುಣಿದರೆ? ಕೋರ್ಟು ಹೇಳಲಿಲ್ಲ. ಇಲಾಖೆ ತನಗೆ ಬೇಕಾದ ಹಾಗೆ ಹೇಳಿಕೊಂಡಿತು.

ತೀರ್ಪು ಬಂದ ಮೇಲೆ ಅಧಿಕಾರಿಗಳು ಮಾಡಿದ್ದು ಇಷ್ಟೇ. ಮೊದಲು ಯಾರು ಬರ್ತಾರೆ ಅಂತ ನೋಡುತ್ತಿದ್ದರು. ಆಮೇಲೆ ಏನು ಮಾಡ್ತಾರೆ ಅಂತ ನೋಡೋಕೆ ಶುರು ಮಾಡಿದರು. ಮಫ್ತಿಯಲ್ಲಿ ಬಂದು, ಒಂದು ಬಿಯರ್ ಹಿಡಿದು ಕೂತು, ಯಾರಾದರೂ ತೊಡೆ ಮೇಲೆ ಕೈ ಇಡುತ್ತಾರಾ ಅಂತ ಕಾಯೋದು. ಎಷ್ಟೋ ಸಲ ತಾವೇ ಮಾತಿಗೆಳೆದು ಸಲಿಗೆ ಬೆಳೆಸೋದು. ಆಮೇಲೆ ವರದಿ.

1955ರಲ್ಲಿ ಶಾಸನಸಭೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುಪ್ರೀಂ ಕೋರ್ಟು ಬೇಡ ಅಂದಿದ್ದನ್ನೇ ಕಾನೂನು ಮಾಡಿತು. ಡ್ರಗ್ಸ್‌ನವರು, ವೇಶ್ಯೆಯರು, ತಲೆಹಿಡುಕರು, "ಲೈಂಗಿಕ ವಿಕೃತರು" ಕೂಡುವ ಜಾಗವಾದರೆ ಲೈಸೆನ್ಸ್ ರದ್ದು ಅಂತ ಬರೆಯಿತು. ಈ ಕಲಮು ಬಿದ್ದಿದ್ದು 1959ರ ಕೊನೆಗೆ, ವಲ್ಲೆರ್ಗಾ ಕೇಸಿನಲ್ಲಿ. ಅದು ಓಕ್ಲೆಂಡಿನ ಫಸ್ಟ್ ಅಂಡ್ ಲಾಸ್ಟ್ ಚಾನ್ಸ್ ಅನ್ನುವ, ಹೆಂಗಸರು ಜಾಸ್ತಿ ಬರುತ್ತಿದ್ದ ಬಾರು. ಕೋರ್ಟು ಕಲಮು ಸಂವಿಧಾನಕ್ಕೆ ವಿರುದ್ಧ ಅಂದಿತು. ಜೊತೆಗೇ, ಇಲಾಖೆ ಬೇರೆ ಕಲಮಿನಡಿ ಬಂದಿದ್ದರೆ ಇಲ್ಲಿರುವ ಪುರಾವೆ ಸಾಕಾಗುತ್ತಿತ್ತೇನೋ ಅನ್ನುವ ಸುಳಿವನ್ನೂ ಕೊಟ್ಟಿತು. ಆ ಪುರಾವೆ ಏನು? ಹೆಂಗಸರು ಹೆಂಗಸರ ಜೊತೆ ಕುಣಿದದ್ದು, ಮುತ್ತು ಕೊಟ್ಟದ್ದು, ಗಂಡಸರ ಥರ ಬಟ್ಟೆ ಹಾಕಿದ್ದು. ಇಲಾಖೆಗೆ ಇನ್ನೇನು ಬೇಕು!

ಬ್ಲ್ಯಾಕ್ ಕ್ಯಾಟ್ ಮುಳುಗಿದ್ದು ಈ ದಾರಿಯಲ್ಲೇ. ಇಲಾಖೆ ಎರಡನೇ ಸಲ ಬಂದಾಗ ಮಫ್ತಿಯವರ ವರದಿಗಳ ಕಟ್ಟು ಕೈಯಲ್ಲಿತ್ತು. 1963ರಲ್ಲಿ ಮೇಲ್ಮನವಿ ಕೋರ್ಟು ಇಲಾಖೆಯ ಕಡೆಗೇ ವಾಲಿತು. ಆ ಕೇಸು ಸ್ಟೌಮನ್ ವಿರುದ್ಧ ಮನ್ರೋ.

ಗಲ್ಲಾಪೆಟ್ಟಿಗೆ

ವಕೀಲರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯದು ಮೂವತ್ತು ವರ್ಷದ ಸಿಎಲ್-9 ಬಾರ್ ಲೈಸೆನ್ಸ್, ಹಾಸನ ಕಡೆ. ಜೂನ್ ಮುಗಿಯುವ ಹೊತ್ತಿಗೆ ರಿನ್ಯೂವಲ್ ಅಂದರೆ ನಮ್ಮಪ್ಪನಿಗೆ ಈಗಲೂ ನಿದ್ದೆ ಬರಲ್ಲ. ಗಲಾಟೆ ಆದರೆ ಪೊಲೀಸರಿಗೆ ಫೋನ್ ಮಾಡೋಕೂ ಹಿಂದೆ ಮುಂದೆ ನೋಡಬೇಕು. ಫೋನ್ ಮಾಡಿದರೆ ನಮ್ಮ ಬಾರಿನ ಹೆಸರೇ ರಿಜಿಸ್ಟರಿಗೆ ಏರುತ್ತೆ. ಸುಮ್ಮನಿದ್ದರೆ ಯಾಕೆ ಹೇಳಲಿಲ್ಲ ಅಂತಾರೆ.

ಸಂಜೆಗಾಳಿಯವರಿಗೆ ಒಂದು ಕೇಳಬೇಕಿತ್ತು. ಮಾಮೂಲು ಇರಲಿಲ್ವಾ? ಇಷ್ಟೆಲ್ಲ ಅಧಿಕಾರ ಒಬ್ಬರ ಕೈಯಲ್ಲಿ ಇದ್ದ ಮೇಲೆ ಕವರು ಓಡಾಡದೆ ಇರೋಕೆ ಸಾಧ್ಯವೇ ಇಲ್ಲ.

ಸಂಜೆಗಾಳಿ

ಇಲ್ಲದೆ ಇರುತ್ತಾ! 1960ರಲ್ಲಿ ಅದು ಬಯಲಿಗೂ ಬಂತು. ಕೆಲವು ಬಾರ್ ಮಾಲೀಕರು ತಾವು ಪೊಲೀಸರಿಗೆ ಮಾಮೂಲು ಕೊಡ್ತಿದ್ದೇವೆ ಅಂತ ತಾವೇ ಹೋಗಿ ಹೇಳಿಬಿಟ್ಟರು. ಗುರುತು ಹಾಕಿದ ನೋಟು ಕೊಟ್ಟು ಹಿಡಿಸಿದರು. ಪತ್ರಿಕೆಗಳು ಅದಕ್ಕೆ ಗೆಯೋಲಾ ಹಗರಣ ಅಂತ ಹೆಸರಿಟ್ಟವು. ಸಿಕ್ಕಿಬಿದ್ದವರಲ್ಲಿ ಕೆಲವರಿಗೆ ಶಿಕ್ಷೆಯಾಯಿತು. ಜ್ಯೂರಿ ಮುಂದೆ ವಿಚಾರಣೆಗೆ ನಿಂತ ಪೊಲೀಸರು ಖುಲಾಸೆಯಾದರು. ಗೇ ಬಾರಿನವನ ಮಾತಿಗೆ ಏನು ಬೆಲೆ ಅನ್ನೋದು ಆಗ ನಡೆಯುತ್ತಿದ್ದ ವಾದ.

ಇದರ ಫಲ ಉಂಡವರು ಬಾರಿನವರೇ. ಮಾಮೂಲು ನಿಂತಿತು, ದಾಳಿ ಜಾಸ್ತಿಯಾಯಿತು. 1961ರಲ್ಲಿ ಟೇ-ಬುಷ್ ಇನ್ ಅನ್ನುವ ಪುಟ್ಟ ಜಾಗದಲ್ಲಿ ಒಂದೇ ರಾತ್ರಿ ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಹೆಚ್ಚುಕಡಿಮೆ ಎಲ್ಲ ಕೇಸೂ ಕೋರ್ಟಿನಲ್ಲಿ ನಿಲ್ಲಲೇ ಇಲ್ಲ. ಆದರೆ ಹೆಸರು, ವಿಳಾಸ, ಏನು ಕೆಲಸ ಅನ್ನೋದು ಪತ್ರಿಕೆಯಲ್ಲಿ ಬಂದುಬಿಡುತ್ತಿತ್ತು. ಮೇಷ್ಟ್ರಾಗಿದ್ದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಕೋರ್ಟು ಬಿಟ್ಟರೂ ಊರು ಬಿಡಬೇಕಲ್ಲ.

ಇದರ ಹಿಂದೆ ಚುನಾವಣೆಯ ರಾಜಕೀಯವೂ ಇತ್ತು. 1959ರ ಮೇಯರ್ ಚುನಾವಣೆಯಲ್ಲಿ ರಸೆಲ್ ವೋಲ್ಡನ್ ಅನ್ನುವವರು, ಮೇಯರ್ ಜಾರ್ಜ್ ಕ್ರಿಸ್ಟೋಫರ್ ಊರನ್ನು ಸಲಿಂಗಿಗಳ ರಾಜಧಾನಿ ಮಾಡಿದ್ದಾರೆ ಅಂತ ಪ್ರಚಾರ ಮಾಡಿದರು. ವೋಲ್ಡನ್ ಸೋತರು. ಆದರೆ ಗೆದ್ದ ಕ್ರಿಸ್ಟೋಫರ್‌ಗೂ ತಾನು ಮೆತ್ತಗಿಲ್ಲ ಅಂತ ತೋರಿಸುವ ಉಸಾಬರಿ ಬಂತು.

ನಿಂಬೆಹುಳಿ

ಎಲ್ಲಾ ಸರಿ. ಆದರೆ ಸ್ಟೌಮನ್‌ನನ್ನು ವೀರ ಮಾಡಬೇಡಿ. ಅವನು ವ್ಯಾಪಾರಿ. ಗೇ ಗಿರಾಕಿಗಳು ದುಡ್ಡು ತರುತ್ತಿದ್ದರು, ಅದಕ್ಕೆ ಇಟ್ಟುಕೊಂಡ. ಅವನ ಕೇಸು ಲೈಸೆನ್ಸಿನ ಕೇಸು. ಗಿರಾಕಿಗಳ ಹಕ್ಕು ಅನ್ನೋದು ವಕೀಲರು ಹುಡುಕಿದ ದಾರಿ.

ಗಲ್ಲಾಪೆಟ್ಟಿಗೆ

ವ್ಯಾಪಾರಿ ಅಂತಲೇ ಇಟ್ಟುಕೊಳ್ಳಿ. ವ್ಯಾಪಾರಿಯ ಲೆಕ್ಕ ನಾನು ಹೇಳ್ತೀನಿ. ಒಂದು ಅಮಾನತಾದರೆ ಗಿರಾಕಿ ಪಕ್ಕದ ಬಾರಿಗೆ ಹೋಗ್ತಾನೆ. ತಿಂಗಳು ಮುಚ್ಚಿದರೆ ಬಾಡಿಗೆ, ಸಂಬಳ, ಸಾಲದ ಕಂತು ಯಾವುದೂ ನಿಲ್ಲಲ್ಲ. ಬುದ್ಧಿ ಇರುವ ವ್ಯಾಪಾರಿ ಏನು ಮಾಡ್ತಾನೆ ಗೊತ್ತಾ? ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿ ಅಂಥವರನ್ನು ಒಳಗೆ ಬಿಡಬೇಡ ಅಂತಾನೆ. ಒಂದೇ ವಾರದಲ್ಲಿ ತಲೆನೋವು ಮುಗೀತದೆ. ಇವನು ಹಾಗೆ ಮಾಡಲಿಲ್ಲ. ಮಾಡದೆ ವರ್ಷಾನುಗಟ್ಟಲೆ ಕೋರ್ಟು ಅಲೆದ. ಅದನ್ನು ಬರೀ ಲಾಭದ ಆಸೆ ಅಂದರೆ ನಾನು ಒಪ್ಪಲ್ಲ.

ಕೋರ್ಟುಕಟ್ಟೆ

ಅವರು ಖರ್ಚು ಮಾಡಿದ್ದು 38,000 ಡಾಲರಿಗಿಂತ ಹೆಚ್ಚು. ಸುಮಾರು 15 ವರ್ಷದ ಜಗಳ. ಆ ಕಾಲದಲ್ಲಿ ಅದು ಒಂದು ಒಳ್ಳೆ ಮನೆಯ ದುಡ್ಡಿಗಿಂತ ಜಾಸ್ತಿ.

ನಿಂಬೆಹುಳಿಯವರ ಮಾತಲ್ಲೂ ಹುರುಳಿದೆ ಅನ್ನಿ. ಕೇಸು ಹಾಕೋಕೆ ಆಗ ಮಾಲೀಕನಿಗೆ ಮಾತ್ರ ದಾರಿ ಇತ್ತು. ಗಿರಾಕಿ ನಾನು ಸಲಿಂಗಿ, ನನಗೆ ಬಾರಿಗೆ ಹೋಗುವ ಹಕ್ಕಿದೆ ಅಂತ ಕೋರ್ಟಿಗೆ ಹೋದರೆ ಮಾರನೇ ದಿನ ಕೆಲಸ ಇರುತ್ತಿರಲಿಲ್ಲ. ಸಲಿಂಗ ಸಂಬಂಧ ಕ್ಯಾಲಿಫೋರ್ನಿಯಾದಲ್ಲಿ ಅಪರಾಧವಾಗಿತ್ತು. ಆ ಕಾನೂನು ಹೋಗಿದ್ದು 1976ರ ಜನವರಿಯಲ್ಲಿ. ಹಾಗಾಗಿ ಗಿರಾಕಿಗಳ ಹಕ್ಕು ಮಾಲೀಕನ ಲೈಸೆನ್ಸಿನ ಬೆನ್ನ ಮೇಲೆ ಕೂತೇ ಕೋರ್ಟಿಗೆ ಬರಬೇಕಿತ್ತು.

ಬೆಕ್ಕಿನಕಣ್ಣು

ಇಷ್ಟು ಹೊತ್ತು ಬರೀ ಮಾಲೀಕ, ವಕೀಲ, ಜಡ್ಜು. ಹೋಸೆ ಸರ್ರಿಯಾ ಹೆಸರನ್ನೇ ಯಾರೂ ಎತ್ತಲಿಲ್ಲವಲ್ಲ! ನನ್ನಂಥವರಿಗೆ ಬ್ಲ್ಯಾಕ್ ಕ್ಯಾಟ್ ಅಂದರೆ ಹೋಸೆಯೇ.

ಹೋಸೆ ಅದೇ ಊರಿನಲ್ಲಿ ಹುಟ್ಟಿದವರು. ಯುದ್ಧದಲ್ಲಿ ಸೈನ್ಯದಲ್ಲಿದ್ದರು. ವಾಪಸ್ ಬಂದು ಮೇಷ್ಟ್ರಾಗಬೇಕು ಅಂತ ಓದುತ್ತಿದ್ದರು. ಆಗ ಒಂದು ದೊಡ್ಡ ಹೋಟೆಲಿನಲ್ಲಿ ಮಫ್ತಿಯವರ ಬಲೆಗೆ ಬಿದ್ದರು. ಆ ಒಂದು ಕೇಸು ಬಿದ್ದಿದ್ದೇ ತಡ, ಮೇಷ್ಟ್ರ ಕೆಲಸದ ಕನಸು ಮುಗಿಯಿತು. ಬ್ಲ್ಯಾಕ್ ಕ್ಯಾಟಿನಲ್ಲಿ ವೇಟರ್ ಆದರು. ತಟ್ಟೆ ಹಿಡಿದು ಓಡಾಡುತ್ತಲೇ ಹಾಡುತ್ತಿದ್ದರು. ಜನ ಮೆಚ್ಚಿದರು. ಆಮೇಲೆ ವೇದಿಕೆ ಹತ್ತಿಸಿದರು.

ಅವರು ಮಾಡುತ್ತಿದ್ದುದು ಆಪೆರಾದ ಅಣಕ. ಹೆಣ್ಣಿನ ವೇಷ, ಎತ್ತರದ ಹಿಮ್ಮಡಿ. ಕಾರ್ಮೆನ್ ಆಪೆರಾದ ನಾಯಕಿ ಸ್ಪೇನಿನ ಸೆವಿಲ್ಲೆಯಲ್ಲಿ ಇರಬೇಕಲ್ಲ, ಇವರ ಕಾರ್ಮೆನ್ ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್ ಪಾರ್ಕಿನಲ್ಲಿ ಪೊಲೀಸರ ಕಣ್ಣು ತಪ್ಪಿಸಿಕೊಂಡು ಪೊದೆಯಿಂದ ಪೊದೆಗೆ ಓಡುತ್ತಿದ್ದಳು. ನೋಡುವವರಿಗೆಲ್ಲ ಅದು ತಮ್ಮದೇ ಕಥೆ. ಗುಂಪಿನಲ್ಲಿ ಮಫ್ತಿಯವರು ಕೂತಿದ್ದರೆ ವೇದಿಕೆಯಿಂದಲೇ ಅವರಿಗೂ ಸ್ವಾಗತ ಸಿಗುತ್ತಿತ್ತು.

ಬಾರು ಮುಚ್ಚುವ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿ, ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿಸಿ ಒಂದು ಹಾಡು ಹಾಡಿಸುತ್ತಿದ್ದರು. ಧಾಟಿ ಬ್ರಿಟಿಷರ ರಾಷ್ಟ್ರಗೀತೆಯದು, ನಮ್ಮ ತಾತಂದಿರು ಸ್ಕೂಲಿನಲ್ಲಿ ರಾಜನನ್ನು ಕಾಪಾಡು ಅಂತ ಹಾಡುತ್ತಿದ್ದರಲ್ಲ, ಅದೇ. ಮಾತು ಮಾತ್ರ ಬೇರೆ: ದೇವರೇ, ನಮ್ಮಂಥ ರಾಣಿಯರನ್ನು (ಗೇ ಗಂಡಸರಿಗೆ ಇದ್ದ ಅಡ್ಡಹೆಸರು ಅದು) ಕಾಪಾಡು ಅಂತ. ಕೆಲವು ರಾತ್ರಿ ಗುಂಪನ್ನು ರಸ್ತೆಗೆ ಕರೆದುಕೊಂಡು ಹೋಗಿ ಎದುರಿನ ಜೈಲಿನಲ್ಲಿದ್ದವರಿಗೆ ಕೇಳಿಸುವ ಹಾಗೆ ಹಾಡುತ್ತಿದ್ದರು. ಒಳಗಿದ್ದವರಲ್ಲಿ ಆವತ್ತಷ್ಟೇ ಹಿಡಿದ ಗೆಳೆಯರೂ ಇರುತ್ತಿದ್ದರು.

ರಾಗಮಾಲೆ

ಹೆಣ್ಣಿನ ವೇಷ ಹಾಕೋದಕ್ಕೆ ಪೊಲೀಸರು ಬಿಡುತ್ತಿದ್ದರಾ? ನಮ್ಮಲ್ಲಿ ಯಕ್ಷಗಾನದ ಸ್ತ್ರೀವೇಷಕ್ಕೆ ಯಾರೂ ಏನೂ ಅನ್ನಲ್ಲ. ಅಲ್ಲಿ ವೇದಿಕೆಯಾದರೆ ಪರವಾಗಿಲ್ಲ ಅಂತ ಇತ್ತಾ?

ಬೆಕ್ಕಿನಕಣ್ಣು

ವೇದಿಕೆ ಮೇಲೆ ನಡೆಯುತ್ತಿತ್ತು ಮೇಡಂ. ರಸ್ತೆಗೆ ಇಳಿದರೆ ತೊಂದರೆ. 1863ರಲ್ಲೇ ನಗರದವರು ಕಾನೂನು ಮಾಡಿದ್ದರು, ತನ್ನದಲ್ಲದ ಲಿಂಗದ ಬಟ್ಟೆ ಹಾಕಿ ಹೊರಗೆ ಬರುವ ಹಾಗಿಲ್ಲ ಅಂತ. ಅದು ತೆಗೆದಿದ್ದು 1974ರಲ್ಲಿ. ಮೋಸ ಮಾಡುವ ಉದ್ದೇಶ ಇದೆ ಅಂತ ತೋರಿಸಿ ಹಿಡಿಯುತ್ತಿದ್ದರು.

ಅಕ್ಟೋಬರ್ 31ರ ವೇಷದ ಹಬ್ಬ ಹ್ಯಾಲೋವೀನ್ ದಿನ ಮಾತ್ರ ಪೊಲೀಸರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ರಾತ್ರಿ 12ರವರೆಗೆ. 12 ಹೊಡೆದ ಕೂಡಲೇ ವ್ಯಾನು ಹಾಜರ್. ಹೋಸೆ ಏನು ಮಾಡಿದರು ಅಂದರೆ, ಬೆಕ್ಕಿನ ಮುಖದ ಆಕಾರದ ಚೀಟಿಗಳಲ್ಲಿ "ನಾನು ಹುಡುಗ" ಅಂತ ಬರೆದು ಎಲ್ಲರ ಬಟ್ಟೆಗೂ ಪಿನ್ನು ಚುಚ್ಚಿಸಿದರು. ಹಿಡಿಯೋಕೆ ಬಂದರೆ ಚೀಟಿ ತೋರಿಸು. ಹುಡುಗ ಅಂತ ಬರೆದುಕೊಂಡೇ ಓಡಾಡುತ್ತಿದ್ದೇನೆ, ಮೋಸ ಎಲ್ಲಿ ಬಂತು ಸ್ವಾಮಿ? ಆ ಕೇಸುಗಳೆಲ್ಲ ಬಿದ್ದುಹೋದವು.

ಇನ್ನೂ ದೊಡ್ಡ ಕೆಲಸ ಅಂದರೆ, ತಪ್ಪು ಒಪ್ಪಿಕೊಳ್ಳಬೇಡಿ ಅಂತ ಅವರು ಜನರ ಕಿವಿಗೆ ಊದಿದ್ದು. ಅಲ್ಲಿಯವರೆಗೆ ಹಿಡಿದರೆ ಏನು ಮಾಡುತ್ತಿದ್ದರು? ನಾಚಿಕೆಗೆ ಒಪ್ಪಿಕೊಂಡು, ದಂಡ ಕಟ್ಟಿ, ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಪೊಲೀಸರಿಗೆ ಪುರಾವೆಯೇ ಬೇಕಿರಲಿಲ್ಲ. ಹೋಸೆ ವೇದಿಕೆ ಮೇಲಿಂದಲೇ ಹೇಳುತ್ತಿದ್ದರು, ತಪ್ಪಿತಸ್ಥ ಅಲ್ಲ ಅನ್ನಿ, ಜ್ಯೂರಿ ಮುಂದೆ ವಿಚಾರಣೆ ಕೇಳಿ ಅಂತ. ಜನ ಹಾಗೇ ಮಾಡಿದರು. ಕೋರ್ಟುಗಳಲ್ಲಿ ಕೇಸು ತುಂಬಿಹೋಯಿತು. ಜಡ್ಜುಗಳು ಪೊಲೀಸರನ್ನೇ ಕೇಳೋಕೆ ಶುರು ಮಾಡಿದರು, ಪುರಾವೆ ಎಲ್ಲಪ್ಪಾ ಅಂತ. 1951ರ ತೀರ್ಪಿಗಿಂತ ಗಿರಾಕಿಗಳಿಗೆ ಇದೇ ಹೆಚ್ಚು ಆಸರೆಯಾಯಿತು ಅನ್ನೋದು ನನ್ನ ಅಭಿಪ್ರಾಯ.

ಕೋರ್ಟುಕಟ್ಟೆ

ಈ ಕೊನೇ ಮಾತನ್ನು ನಾನೂ ಒಪ್ಪುತ್ತೇನೆ. ತೀರ್ಪು ಮಾಲೀಕನ ಕಪಾಟಿನಲ್ಲಿ ಇರುತ್ತದೆ. ಹಿಡಿದ ರಾತ್ರಿ ಠಾಣೆಯಲ್ಲಿ ಏನು ಹೇಳಬೇಕು ಅನ್ನೋದು ಗಿರಾಕಿಗೆ ಬಾಯಿಗೆ ಬರಬೇಕು.

ನಮ್ಮ ಕಡೆಯದ್ದು ಒಂದು ಸೇರಿಸ್ತೀನಿ, ಹೋಲಿಸೋಕೆ ಅಲ್ಲ, ದಾರಿ ತೋರಿಸೋಕೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮನ್ನು ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧದ ಮಟ್ಟಿಗೆ ತೆಗೆದಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಆದರೆ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಕಲಮು ಸೇರಿತ್ತು. ಹಿಜಡಾ ಸಮುದಾಯದವರ ಹೆಸರು, ವಿಳಾಸದ ಪಟ್ಟಿ ಇಡುವ ಅಧಿಕಾರ ಪೊಲೀಸರಿಗೆ ಕೊಟ್ಟ ಕಲಮು. ಅದರ ವಿರುದ್ಧ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ತಿದ್ದುಪಡಿ ಮಾಡಿತು. ದೊಡ್ಡ ಕಲಮಿನ ಮೇಲೆ ಎಲ್ಲರ ಕಣ್ಣು ಇರುತ್ತದೆ. ದಿನಾ ಕಾಟ ಕೊಡೋದು ಇಂಥ ಸಣ್ಣ ಕಲಮು, ಲೈಸೆನ್ಸಿನ ಷರತ್ತು.

ಮಲ್ನಾಡ್_ಹೈದ

ಹೋಸೆ ಚುನಾವಣೆಗೆ ನಿಂತಿದ್ದರು ಅಂತ ಎಲ್ಲೋ ಓದಿದ ನೆನಪು. ಹೌದಾ?

ಬೆಕ್ಕಿನಕಣ್ಣು

ಹೌದು, 1961ರಲ್ಲಿ, ನಮ್ಮ ನಗರಸಭೆಯಂಥ, ನಗರದ ಸೂಪರ್‌ವೈಸರ್‌ಗಳ ಮಂಡಳಿಗೆ. ತಾನು ಗೇ ಅಂತ ಮುಚ್ಚಿಡದೆ ಅಮೆರಿಕದಲ್ಲಿ ಚುನಾವಣೆಗೆ ನಿಂತ ಮೊದಲಿಗರು ಅವರೇ. ಇದರಲ್ಲಿ ಒಂದು ತಮಾಷೆ ಇದೆ. ಐದು ಸೀಟಿತ್ತು. ನಾಮಪತ್ರದ ಕೊನೇ ದಿನ ನೋಡಿದರೆ ಅಭ್ಯರ್ಥಿಗಳೇ ಸಾಕಷ್ಟಿಲ್ಲ, ಹೋಸೆ ಸುಮ್ಮನೆ ಕೂತರೂ ಗೆಲ್ಲುವ ಹಾಗಿದೆ! ಪಕ್ಷದವರು ಗಾಬರಿಬಿದ್ದು ಸಿಕ್ಕಸಿಕ್ಕವರ ಕೈಯಲ್ಲಿ ಅರ್ಜಿ ಹಾಕಿಸಿದರು. ದಿನ ಮುಗಿಯುವಾಗ 34 ಜನ ಕಣದಲ್ಲಿದ್ದರು. ಹೋಸೆಗೆ ಬಂದಿದ್ದು 5,500ಕ್ಕೂ ಹೆಚ್ಚು ಓಟು, 9ನೇ ಸ್ಥಾನ. ಗೆಲ್ಲಲಿಲ್ಲ. ಆದರೆ ಈ ಊರಲ್ಲಿ ಗೇ ಓಟು ಅಂತ ಒಂದಿದೆ ಅನ್ನೋದು ರಾಜಕಾರಣಿಗಳಿಗೆ ಗೊತ್ತಾಯಿತು. ತಾನು ಗೇ ಅಂತ ಮುಚ್ಚಿಡದ ಹಾರ್ವೆ ಮಿಲ್ಕ್ ಅದೇ ಮಂಡಳಿಗೆ ಗೆದ್ದದ್ದು 1977ರಲ್ಲಿ.

ರಾಗಮಾಲೆ

ಹೆಂಗಸರ ಬಾರು ಅಂತ ವಕೀಲರು ಒಂದು ಸಾಲು ಹೇಳಿ ಮುಂದೆ ಹೋದರು. ಅವರ ಕಥೆ ಏನಾಯಿತು?

ಸಂಜೆಗಾಳಿ

ಅವರಿಗೆ ಇನ್ನೂ ಕಷ್ಟ. 1956ರಲ್ಲಿ ಪೆಸಿಫಿಕಾ ಕಡೆಯ, ಗಂಡಸರೂ ಹೆಂಗಸರೂ ಬರುತ್ತಿದ್ದ ಹೇಜಲ್ಸ್ ಅನ್ನುವ ಬಾರಿನ ಮೇಲೆ ದಾಳಿ ಮಾಡಿ ಸುಮಾರು 90 ಜನರನ್ನು ಹಿಡಿದಿದ್ದರು. ಹೆಣ್ಣು ಹೆಣ್ಣು ಜೊತೆಯಾಗಿ ಕುಣಿದರೆ ಬಾರಿಗೇ ಕುತ್ತು. ಕುಣಿಯೋಕೆ, ಮಾತಾಡೋಕೆ ಪೊಲೀಸರ ಭಯ ಇಲ್ಲದ ಒಂದು ಜಾಗ ಬೇಕು ಅಂತಲೇ 1955ರಲ್ಲಿ ನಾಲ್ಕು ಜೋಡಿಗಳು ಮನೆಯಲ್ಲಿ ಸೇರಿ ಡಾಟರ್ಸ್ ಆಫ್ ಬಿಲಿಟಿಸ್ ಸಂಘ ಕಟ್ಟಿದರು. ಡೆಲ್ ಮಾರ್ಟಿನ್, ಫಿಲಿಸ್ ಲಯನ್ ಅವರಲ್ಲಿ ಇದ್ದವರು. ಬಾರಿನಿಂದ ದೂರ ಹೋಗಿ ಸಂಘ ಕಟ್ಟಿದವರು ಇವರು. ಬಾರಿನೊಳಗಿಂದಲೇ ಸಂಘ ಕಟ್ಟಿದ್ದು ಬ್ಲ್ಯಾಕ್ ಕ್ಯಾಟಿನ ಕಡೆಯವರು. ಎರಡೂ ಕಡೆಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಅಷ್ಟಕ್ಕಷ್ಟೇ ಇತ್ತು. ಸಂಘದವರಿಗೆ ಬಾರಿನವರು ಮರ್ಯಾದೆ ಕಳೆಯುತ್ತಾರೆ ಅಂತ, ಬಾರಿನವರಿಗೆ ಸಂಘದವರು ತೀರಾ ಶಿಸ್ತು ಅಂತ.

ನಿಂಬೆಹುಳಿ

ಹಾಗಾದರೆ ಕೊನೆಗೆ ಏನಾಯಿತು? ಬಾರು ಹೋಯಿತು, ಸ್ಟೌಮನ್ ದುಡ್ಡು ಹೋಯಿತು. ಗೆದ್ದಿದ್ದು ಇಲಾಖೆಯೇ ತಾನೇ?

ಸಂಜೆಗಾಳಿ

ಬಾರಿನ ಮಟ್ಟಿಗೆ ಹೌದು. 1963ರ ಹ್ಯಾಲೋವೀನ್ ಪಾರ್ಟಿಗೆ ಒಂದು ದಿನ ಇದೆ ಅನ್ನುವಾಗ ಲೈಸೆನ್ಸ್ ಹೋಯಿತು. ವರ್ಷದಲ್ಲೇ ಅತಿ ಹೆಚ್ಚು ವ್ಯಾಪಾರದ ರಾತ್ರಿ ಅದು. ಪಾರ್ಟಿ ನಿಲ್ಲಿಸಲಿಲ್ಲ. ಮದ್ಯ ಇಲ್ಲದೆ ಬರೀ ಜ್ಯೂಸು, ಸೋಡಾ ಇಟ್ಟುಕೊಂಡೇ ನಡೆಸಿದರು. ಆಮೇಲೂ ಊಟ, ತಂಪುಪಾನೀಯ ಮಾರಿಕೊಂಡು ಕೆಲವು ತಿಂಗಳು ತಳ್ಳಿದರು. ಮದ್ಯವಿಲ್ಲದ ಬಾರು ಎಷ್ಟು ದಿನ ನಡೆಯುತ್ತೆ, ಗಲ್ಲಾಪೆಟ್ಟಿಗೆಯವರೇ ಹೇಳಲಿ. ಗೋಡೆಗೆ ಸ್ಮಾರಕ ಫಲಕ ಹಾಕಿದ್ದು 2007ರ ಡಿಸೆಂಬರಿನಲ್ಲಿ.

ಗಲ್ಲಾಪೆಟ್ಟಿಗೆ

ನಡೆಯಲ್ಲ ಸರ್. ಊಟದಲ್ಲಿ ಸಿಗೋದು ಅಡುಗೆಯವರ ಸಂಬಳಕ್ಕೆ ಸರಿಹೋಗುತ್ತೆ.

ನನಗೆ ಅದಕ್ಕಿಂತ ಮುಖ್ಯ ಅನಿಸೋದು ಬೇರೆ ಮಾಲೀಕರು ಏನು ಮಾಡಿದರು ಅನ್ನೋದು. ಒಬ್ಬ ಮಾಲೀಕ ಒಂಟಿಯಾಗಿ 15 ವರ್ಷ ಜಗಳ ಆಡೋದನ್ನು ನೋಡಿ ಉಳಿದವರು ಕಲಿತಿರಬೇಕು ಅಲ್ವಾ? ನಮ್ಮ ಜಿಲ್ಲೆಯಲ್ಲೂ ಮದ್ಯ ಮಾರಾಟಗಾರರ ಸಂಘ ಇದೆ. ಒಗ್ಗಟ್ಟು ಇಲ್ಲದಿದ್ದರೆ ಒಬ್ಬೊಬ್ಬರನ್ನೇ ಆರಿಸಿ ಹೊಡೀತಾರೆ.

ಬೆಕ್ಕಿನಕಣ್ಣು

ಕಲಿತರು. 1962ರಲ್ಲಿ ಗೇ ಬಾರಿನ ಮಾಲೀಕರು, ಅಲ್ಲಿ ಕೆಲಸ ಮಾಡುವವರು ಸೇರಿ ಟ್ಯಾವರ್ನ್ ಗಿಲ್ಡ್ ಅಂತ ಸಂಘ ಮಾಡಿದರು. ಅಮೆರಿಕದ ಮೊದಲ ಗೇ ವ್ಯಾಪಾರಸ್ಥರ ಸಂಘ ಅದು. ಒಂದು ಬಾರಿಗೆ ಮಫ್ತಿಯವರು ಬಂದರೆ ಅಲ್ಲಿಂದ ಇನ್ನೊಂದು ಬಾರಿಗೆ ಫೋನ್. ಹಿಡಿದರೆ ವಕೀಲರು, ಜಾಮೀನು ಕೊಡುವವರು ಮೊದಲೇ ಗೊತ್ತುಮಾಡಿಟ್ಟದ್ದು. 1995ರವರೆಗೆ ಸಂಘ ಇತ್ತು.

ಹೋಸೆ ಅಲ್ಲಿಗೇ ನಿಲ್ಲಲಿಲ್ಲ. ಗಿಲ್ಡಿನವರು ನಡೆಸಿದ ನೃತ್ಯಕೂಟದಲ್ಲಿ ಅವರಿಗೆ ರಾಣಿಯ ಪಟ್ಟ ಕಟ್ಟಿದರು. ರಾಣಿ ಸಾಲದು, ನಾನು ಸಾಮ್ರಾಜ್ಞಿ ಅಂದರು! 19ನೇ ಶತಮಾನದಲ್ಲಿ ಅದೇ ಊರಿನಲ್ಲಿ ಜೋಶುವಾ ನಾರ್ಟನ್ ಅನ್ನುವವನು ತಾನೇ ಅಮೆರಿಕದ ಚಕ್ರವರ್ತಿ ಅಂತ ಘೋಷಿಸಿಕೊಂಡು ಓಡಾಡುತ್ತಿದ್ದ. ಹೋಸೆ ತಾನು ಅವನ ವಿಧವೆ ಅಂದುಕೊಂಡರು. ಆ ತಮಾಷೆಯಿಂದ 1965ರಲ್ಲಿ ಹುಟ್ಟಿದ ಇಂಪೀರಿಯಲ್ ಕೋರ್ಟ್ ಈಗ ಎಷ್ಟೋ ಊರುಗಳಲ್ಲಿ ದತ್ತಿ ಕೆಲಸಕ್ಕೆ ದುಡ್ಡು ಎತ್ತುತ್ತದೆ. ಹೋಸೆ ತೀರಿಕೊಂಡಿದ್ದು 2013ರ ಆಗಸ್ಟಿನಲ್ಲಿ. ಕೋಲ್ಮಾದ ವುಡ್‌ಲಾನ್ ಸ್ಮಶಾನದಲ್ಲಿ ನಾರ್ಟನ್ ಸಮಾಧಿಯ ಹತ್ತಿರವೇ ಮಣ್ಣು ಮಾಡಿದ್ದಾರೆ.

ನಿಂಬೆಹುಳಿ

ಗಿಲ್ಡಿನ ವಿಷಯ ಚೆನ್ನಾಗಿದೆ. ಆದರೂ ಸ್ಟೌಮನ್ ವ್ಯಾಪಾರಿಯೇ, ನನ್ನ ಮಾತು ನಾನು ಬಿಡಲ್ಲ. ವಕೀಲರೇ, ಆ 1951ರ ತೀರ್ಪು ನಮ್ಮಂಥವರು ಓದೋಕೆ ಆಗುತ್ತಾ?

ಕೋರ್ಟುಕಟ್ಟೆ

ಆರಾಮಾಗಿ. ಕೆಲವೇ ಪುಟ, ಗಿಬ್ಸನ್ ಅವರ ಇಂಗ್ಲಿಷು ನೇರ. ಅದನ್ನು ಓದಿ ಕೂಡಲೇ 1959ರ ವಲ್ಲೆರ್ಗಾ ಓದಿ, ಆಮೇಲೆ 1963ರದ್ದು. ಮೂರನ್ನೂ ಒಟ್ಟಿಗೆ ಓದಿದರೆ ಆ ಕಿಂಡಿ ಹೇಗೆ ದೊಡ್ಡದಾಯಿತು ಅನ್ನೋದು ನಿಮಗೇ ಕಾಣುತ್ತದೆ. ಓದಿ ಮುಗಿಸಿ ಇಲ್ಲೇ ಬನ್ನಿ, ಸ್ಟೌಮನ್ ಜಗಳ ಮುಂದುವರಿಸೋಣ.